ಒಂದು ರವೆ ಉಂಡೆಗೆ ಎಷ್ಟು ದೊಡ್ಡ ಕಾಗದ?

ಎನ್‌ಸಿಇಆರ್‌ಟಿಯ ಹನ್ನೆರಡನೇ ತರಗತಿಯ ಗಣಿತ ಪುಸ್ತಕದಲ್ಲಿ ಒಂದು ಪೆಟ್ಟಿಗೆಯಿದೆ. 18 ಸೆಂ.ಮೀ. ಬಾಹುವಿನ ಒಂದು ಚೌಕ ತಗಡು. ಅದರ ನಾಲ್ಕು ಮೂಲೆಗಳಲ್ಲಿ ಒಂದೇ ಅಳತೆಯ ಸಣ್ಣ ಚೌಕಗಳನ್ನು ಕತ್ತರಿಸಿ ತೆಗೆದು, ಉಳಿದ ಅಂಚುಗಳನ್ನು ಮೇಲಕ್ಕೆ ಮಡಿಸಿ ಮುಚ್ಚಳವಿಲ್ಲದ ಪೆಟ್ಟಿಗೆ ಮಾಡಬೇಕು. ಪೆಟ್ಟಿಗೆ ಅತಿ ಹೆಚ್ಚು ಹಿಡಿಸಬೇಕಾದರೆ ಕತ್ತರಿಸುವ ಚೌಕ ಎಷ್ಟು ದೊಡ್ಡದಿರಬೇಕು? ಮುಂಬಯಿಯ ಮಗುವೂ ಚೆನ್ನೈನ ಮಗುವೂ ದೆಹಲಿಯ ಮಗುವೂ ಇದನ್ನು ಒಂದೇ ರೀತಿ ಬಿಡಿಸುತ್ತಾರೆ. ಸಮೀಕರಣ ಬರೆ, ಡೆರಿವೇಟಿವ್ ತೆಗೆ, ಸೊನ್ನೆಗೆ ಸಮ ಮಾಡು, 3 ಸೆಂ.ಮೀ. ಎಂದು ಬರೆದು ಕೆಳಗೆ ಎರಡು ಗೆರೆ ಎಳೆ. ಅಂಕ ಬರುತ್ತದೆ. ಪೆಟ್ಟಿಗೆಯನ್ನು ಮಾತ್ರ ಯಾರೂ ಮಾಡಿ ನೋಡುವುದಿಲ್ಲ.

ಇದೇ ಮಕ್ಕಳು ಮೂರನೆಯದೋ ನಾಲ್ಕನೆಯದೋ ತರಗತಿಯಲ್ಲಿದ್ದಾಗ ನಿಜವಾದ ಪೆಟ್ಟಿಗೆಯೊಂದನ್ನು ಮಾಡಿರುತ್ತಾರೆ. ಅದು ಕ್ರಾಫ್ಟ್ ಪೀರಿಯಡ್ಡಿನಲ್ಲಿ, ದೀಪಾವಳಿಗೆ ಮುಂಚೆ. ಬಣ್ಣದ ಚೌಕ ಕಾಗದ, ಟೀಚರ್ ತೋರಿಸಿದಂತೆ ಹತ್ತು-ಹನ್ನೆರಡು ಮಡಿಕೆ, ಮೇಲೊಂದು ಚಮಕಿ. ಪೆಟ್ಟಿಗೆ ಎರಡು ದಿನ ಶಾಲೆಯ ಬೋರ್ಡಿನ ಮೇಲಿದ್ದು, ಆಮೇಲೆ ಮನೆಗೆ ಬಂದು, ಕ್ಲಿಪ್ಪು ರಬ್ಬರ್ ಬ್ಯಾಂಡು ಹಾಕಿಡುವ ಡಬ್ಬಿಯಾಗಿ, ಕೊನೆಗೆ ರದ್ದಿಗೆ ಸೇರುತ್ತದೆ. ಅಲ್ಲಿ ಪೆಟ್ಟಿಗೆ ಇರುತ್ತದೆ, ಪ್ರಶ್ನೆ ಇರುವುದಿಲ್ಲ. ಹನ್ನೆರಡನೇ ತರಗತಿಯಲ್ಲಿ ಪ್ರಶ್ನೆ ಇರುತ್ತದೆ, ಪೆಟ್ಟಿಗೆ ಇರುವುದಿಲ್ಲ. ಎಂಟು ವರ್ಷಗಳ ಅಂತರದಲ್ಲಿ ಬರುವ ಈ ಎರಡು ಪೆಟ್ಟಿಗೆಗಳಿಗೆ ಒಮ್ಮೆಯೂ ಭೇಟಿಯಾಗುವುದಿಲ್ಲ.

ಒರಿಗಾಮಿ ಪೆಟ್ಟಿಗೆಯನ್ನು ಅಲಂಕಾರದ ವಸ್ತುವೆಂದು ತೀರ್ಮಾನಿಸಿ ಕ್ರಾಫ್ಟ್ ಪೀರಿಯಡ್ಡಿಗೆ ಒಪ್ಪಿಸಿಬಿಟ್ಟದ್ದು ಸಣ್ಣ ತಪ್ಪಲ್ಲ. ಹಾಗೆ ಮಾಡಿದ್ದರಿಂದ ಮಕ್ಕಳು ಕಲಿಯುವುದು ಒಂದೇ: ಕೈಯ ಕೆಲಸ ಬೇರೆ, ತಲೆಯ ಕೆಲಸ ಬೇರೆ, ಎರಡನೆಯದಕ್ಕೆ ಮಾತ್ರ ಅಂಕ. ಕೈ ಚುರುಕಾಗಿರುವ ಎಷ್ಟೋ ಮಕ್ಕಳು ತಮಗೆ ಗಣಿತ ಬರುವುದಿಲ್ಲವೆಂದು ನಂಬಿಕೊಂಡೇ ದೊಡ್ಡವರಾಗುತ್ತಾರೆ. ಗಣಿತದಲ್ಲಿ ಚುರುಕಾದವರು ತಾವು ಬಿಡಿಸಿದ ಉತ್ತರವನ್ನು ಕೈಯಲ್ಲಿ ಹಿಡಿದು ನೋಡಬಹುದೆಂದು ತಿಳಿಯದೆಯೇ ಕಾಲೇಜು ಸೇರುತ್ತಾರೆ.

ಅಲಂಕಾರಕ್ಕೆ ಮುಂಚೆ ಅಳತೆ

ಒರಿಗಾಮಿ ಕಲಿಯುವವರು ಮೊದಲಿಗೆ ಮಾಡುವ ಪೆಟ್ಟಿಗೆಯ ಹೆಸರು ಮಸು. ಜಪಾನಿನಲ್ಲಿ ಮಸು ಎಂದರೆ ಅಕ್ಕಿ ಅಳೆಯುವ ಚೌಕಾಕಾರದ ಮರದ ಪಾತ್ರೆ. ಕರ್ನಾಟಕದಲ್ಲಿ ಪಾವು, ಸೇರು, ಬಳ್ಳ, ಕೊಳಗಗಳಿದ್ದಂತೆ ಅಲ್ಲಿ ಗೋ, ಶೋ. ಒಂದು ಗೋ ಸುಮಾರು 180 ಮಿಲಿಲೀಟರು. ಹತ್ತು ಗೋ ಸೇರಿದರೆ ಒಂದು ಶೋ. ಕಾಗದದ ಮಸು ಈ ಅಳತೆಯ ಪಾತ್ರೆಯ ಆಕಾರವನ್ನೇ ಹಿಡಿದದ್ದು. ಇಂದು ಅದು ಉಡುಗೊರೆಯ ಡಬ್ಬಿಯಾಗಿದ್ದರೂ ಹೆಸರಿನಲ್ಲಿ ಅಳತೆ ಉಳಿದುಕೊಂಡಿದೆ.

ಅದನ್ನು ಮಡಿಸುವ ಕ್ರಮ ಸರಳ. ಚೌಕ ಕಾಗದದ ನಡುವನ್ನು ಗುರುತಿಸಿಕೊಂಡು ನಾಲ್ಕೂ ಮೂಲೆಗಳನ್ನು ಅಲ್ಲಿಗೆ ತರುವುದು. ಈಗ ಸಿಕ್ಕ ಸಣ್ಣ ಚೌಕದ ಎದುರುಬದುರು ಅಂಚುಗಳನ್ನು ನಡುಗೆರೆಗೆ ಮಡಿಸಿ ಬಿಚ್ಚುವುದು. ಇನ್ನೆರಡು ಅಂಚುಗಳಿಗೂ ಹಾಗೇ. ಆಮೇಲೆ ಎದುರುಬದುರಿನ ಎರಡು ಮೂಲೆಗಳನ್ನು ಬಿಚ್ಚಿ, ಬಿಚ್ಚದ ಎರಡು ಬದಿಗಳನ್ನು ಗೋಡೆಯಾಗಿ ಎತ್ತಿ ನಿಲ್ಲಿಸಿ, ಬಿಚ್ಚಿದ ತುದಿಗಳನ್ನು ಗೋಡೆಯ ಮೇಲಿಂದ ಒಳಕ್ಕೆ ತಂದು ತಳಕ್ಕೆ ಒತ್ತುವುದು. ನಾಲ್ಕು ತುದಿಗಳೂ ತಳದ ನಡುವೆ ಮತ್ತೆ ಸೇರುತ್ತವೆ. ಗೋಂದಿಲ್ಲ, ಕತ್ತರಿಯಿಲ್ಲ, ಒಂದು ಮಡಿಕೆ ಇನ್ನೊಂದನ್ನು ಹಿಡಿದುಕೊಂಡಿರುತ್ತದೆ.

ಈ ಪೆಟ್ಟಿಗೆಯ ಲೆಕ್ಕವೂ ಅಷ್ಟೇ ಸರಳ. ಮೂಲೆಗಳು ನಡುವಿಗೆ ಬಂದಾಗ ಕಾಗದದ ವಿಸ್ತೀರ್ಣ ಅರ್ಧವಾಗುತ್ತದೆ. ಆ ಅರ್ಧದಲ್ಲಿ ಕಾಲುಭಾಗ ಪೆಟ್ಟಿಗೆಯ ತಳ. ಅಂದರೆ ತಳವು ಇಡೀ ಕಾಗದದ ಎಂಟನೇ ಒಂದು ಪಾಲು. ಗೋಡೆಯ ಎತ್ತರ ತಳದ ಬಾಹುವಿನ ಅರ್ಧ, ಹಾಗಾಗಿ ನಾಲ್ಕು ಗೋಡೆ ಸೇರಿ ಎರಡು ಪಾಲು. ಎಂಟು ಪಾಲುಗಳಲ್ಲಿ ಮೂರು ಹೊರಮೈಗೆ, ಮೂರು ಒಳಮೈಗೆ, ಉಳಿದೆರಡು ಗೋಡೆಯ ಪದರಗಳ ನಡುವೆ ಅಡಗಿ ಪೆಟ್ಟಿಗೆಯನ್ನು ಬಿಗಿಯಾಗಿ ಹಿಡಿಯುವುದಕ್ಕೆ. ವರ್ಗಮೂಲದ ಹೆಸರೇ ಕೇಳದ ಮಗುವೂ ಮಾಡಿದ ಪೆಟ್ಟಿಗೆಯನ್ನು ಬಿಚ್ಚಿ, ಗೆರೆಗಳನ್ನು ನೋಡಿ ಇದನ್ನು ಎಣಿಸಿ ಹೇಳಬಹುದು. 15 ಸೆಂ.ಮೀ. ಕಾಗದದಿಂದ 5.3 ಸೆಂ.ಮೀ. ಅಗಲ, 2.65 ಸೆಂ.ಮೀ. ಎತ್ತರದ ಪೆಟ್ಟಿಗೆ ಬರುತ್ತದೆ. 20 ಸೆಂ.ಮೀ. ಕಾಗದದ ಪೆಟ್ಟಿಗೆ ಸುಮಾರು 177 ಮಿಲಿಲೀಟರು ಹಿಡಿಸುತ್ತದೆ, ಹೆಚ್ಚುಕಡಿಮೆ ಜಪಾನಿನ ಒಂದು ಗೋ. ಎ4 ಹಾಳೆಯನ್ನು ಚೌಕ ಮಾಡಿ ಮಡಿಸಿದರೆ 200 ಮಿಲಿಲೀಟರು ದಾಟುತ್ತದೆ.

ಚಪ್ಪಟೆ ಹಾಳೆಯನ್ನು ಪಾತ್ರೆಯಾಗಿಸುವುದು ಕನ್ನಡನಾಡಿಗೆ ಹೊಸದೂ ಅಲ್ಲ. ಮುತ್ತುಗದ ಎಲೆಯ ದೊನ್ನೆ, ಹಲಸಿನೆಲೆಗಳನ್ನು ತೆಂಗಿನಗರಿಯ ಕಡ್ಡಿಯಿಂದ ಚುಚ್ಚಿ ಮಾಡುವ ಕೊಟ್ಟೆ, ಕಿರಾಣಿ ಅಂಗಡಿಯವರು ಕಣ್ಣು ಮಿಟುಕಿಸುವಷ್ಟರಲ್ಲಿ ಕಟ್ಟಿಕೊಡುತ್ತಿದ್ದ ಸಕ್ಕರೆ ಪೊಟ್ಟಣ, ಎಲ್ಲವೂ ಇದೇ ಕುಟುಂಬದವು. ಮುಂಬಯಿಯಲ್ಲಿರುವ ಕರಾವಳಿಯ ಮನೆಗಳಲ್ಲಿ ಚೌತಿಗೆ, ಅಷ್ಟಮಿಗೆ ಕೊಟ್ಟೆ ಕಡುಬು ಮಾಡುವವರಿಗೆ ಗೊತ್ತು: ಎಲೆಯ ಅಗಲ ನೋಡಿದಾಗಲೇ ಎಷ್ಟು ಹಿಟ್ಟು ಹಿಡಿಸುತ್ತದೆಂಬ ಅಂದಾಜು ಕೈಗೆ ಬಂದಿರುತ್ತದೆ. ಆ ಅಂದಾಜನ್ನು ಯಾರೂ ಗಣಿತವೆಂದು ಕರೆಯಲಿಲ್ಲ, ಅಷ್ಟೇ.

ಉಂಡೆಯ ಪ್ರಶ್ನೆ

ಇವತ್ತು ಪೆಟ್ಟಿಗೆ ಮಡಿಸಲು ಕಲಿಸುವ ವಿಡಿಯೋಗಳಿಗೆ ಕೊರತೆಯಿಲ್ಲ. ಒಂದು ಜೊತೆ ಕೈ, ಹಿನ್ನೆಲೆಯಲ್ಲಿ ಸಂಗೀತ, ನಿಲ್ಲಿಸಿ ನಿಲ್ಲಿಸಿ ನೋಡಿದರೆ ಪೆಟ್ಟಿಗೆ ಸಿದ್ಧ. ತಪ್ಪೇನಿಲ್ಲ. ಆದರೆ ಹಾಗೆ ಕಲಿತ ಮಗುವಿಗೆ ಒಂದು ಪ್ರಶ್ನೆ ಕೇಳಿ ನೋಡಬೇಕು: 5 ಸೆಂ.ಮೀ. ದಪ್ಪದ ಒಂದು ರವೆ ಉಂಡೆ ಇದೆ, ಅದನ್ನಿಟ್ಟು ಮುಚ್ಚಳ ಮುಚ್ಚುವಂಥ ಪೆಟ್ಟಿಗೆ ಬೇಕು, ಎಷ್ಟು ದೊಡ್ಡ ಕಾಗದ ತೆಗೆದುಕೊಳ್ಳುತ್ತೀ?

15 ಸೆಂ.ಮೀ. ಕಾಗದದ ಪೆಟ್ಟಿಗೆ 5.3 ಸೆಂ.ಮೀ. ಅಗಲವಿರುವುದರಿಂದ ಉಂಡೆ ಒಳಗೇನೋ ಕೂರುತ್ತದೆ. ಆದರೆ ಎತ್ತರ ಅಗಲದ ಅರ್ಧ ಮಾತ್ರ. ಅರ್ಧ ಉಂಡೆ ಹೊರಗೇ ಉಳಿದು ಮುಚ್ಚಳ ಕೂರುವುದಿಲ್ಲ. ಎತ್ತರ 5 ಸೆಂ.ಮೀ. ಬೇಕೆಂದರೆ ಅಗಲ 10 ಆಗಬೇಕು, ಅದಕ್ಕೆ 28 ಸೆಂ.ಮೀ.ಗಿಂತ ತುಸು ದೊಡ್ಡ ಕಾಗದ ಬೇಕು. ಆಗ ಸಿಗುವ ಪೆಟ್ಟಿಗೆಯಲ್ಲಿ ಒಂದಲ್ಲ, ನಾಲ್ಕು ಉಂಡೆಗೆ ಜಾಗವಿರುತ್ತದೆ. ಒಂದೇ ಉಂಡೆಗೆ ಸರಿಯಾಗಿ ಕೂರುವ ಪೆಟ್ಟಿಗೆ ಬೇಕಾದರೆ ಕಾಗದ ದೊಡ್ಡದು ಮಾಡುವುದು ದಾರಿಯಲ್ಲ, ಮಡಿಕೆ ಬದಲಿಸಬೇಕು. ಮೂಲೆಗಳನ್ನು ನಡುವಿಗೆ ತಂದ ಮೇಲೆ ಅಂಚುಗಳನ್ನು ಕಾಲುಭಾಗದ ಬದಲು ಮೂರನೇ ಒಂದು ಭಾಗಕ್ಕೆ ಮಡಿಸಿದರೆ ಅಗಲವೂ ಎತ್ತರವೂ ಸಮವಾದ ಪೆಟ್ಟಿಗೆ ಬರುತ್ತದೆ. ಆಗ 21 ಸೆಂ.ಮೀ.ಗಿಂತ ಕೂದಲೆಳೆಯಷ್ಟು ದೊಡ್ಡ ಕಾಗದ ಸಾಕು. ಎ4 ಹಾಳೆಯ ಅಗಲ ಸರಿಯಾಗಿ 21. ಉಂಡೆಯನ್ನು ಸ್ವಲ್ಪ ಚಿಕ್ಕದಾಗಿ ಕಟ್ಟಿದರೆ ಆಯಿತು.

ವಿಡಿಯೋ ನೋಡಿ ಮಡಿಸಿದವರಿಗೂ ಮಡಿಕೆಯನ್ನು ಅರ್ಥಮಾಡಿಕೊಂಡವರಿಗೂ ಇರುವ ವ್ಯತ್ಯಾಸ ಕಾಲುಭಾಗದಿಂದ ಮೂರನೇ ಒಂದು ಭಾಗಕ್ಕೆ ಹೋಗುವ ಈ ಒಂದು ಹೆಜ್ಜೆ. ಮೊದಲನೆಯವರ ಹತ್ತಿರ ಒಂದು ಪೆಟ್ಟಿಗೆ ಇರುತ್ತದೆ. ಎರಡನೆಯವರ ಹತ್ತಿರ ಬೇಕಾದ ಪೆಟ್ಟಿಗೆಗಳೆಲ್ಲ ಇರುತ್ತವೆ.

ಮುಚ್ಚಳವೂ ಒಂದು ಪಾಠವೇ. ಒಂದೇ ಅಳತೆಯ ಎರಡು ಕಾಗದಗಳಿಂದ ಮಾಡಿದ ಪೆಟ್ಟಿಗೆಗಳು ಒಂದರ ಮೇಲೊಂದು ಸಲೀಸಾಗಿ ಕೂರುವುದಿಲ್ಲ, ಏಕೆಂದರೆ ಕಾಗದಕ್ಕೂ ದಪ್ಪವಿದೆ. ತಳದ ಕಾಗದದಿಂದ 4 ಮಿ.ಮೀ. ಕತ್ತರಿಸಿದರೆ ಪೆಟ್ಟಿಗೆಯ ಅಗಲ 1.4 ಮಿ.ಮೀ. ಕಡಿಮೆಯಾಗಿ, ಎರಡು ಬದಿಗೂ ತಲಾ 0.7 ಮಿ.ಮೀ. ಬಿಡುವು ಸಿಗುತ್ತದೆ. ಅಷ್ಟರಲ್ಲೇ ಮುಚ್ಚಳ ಹಗುರವಾಗಿ ಕೂರುತ್ತದೆ. ಬಡಗಿ, ದರ್ಜಿ, ಫಿಟ್ಟರ್ ಎಲ್ಲರ ಕಸುಬಿನ ಜೀವಾಳವಾದ ಈ ಬಿಡುವಿನ ಲೆಕ್ಕ ಶಾಲೆಯ ಯಾವ ಪಠ್ಯದಲ್ಲೂ ಇಷ್ಟು ಅಗ್ಗವಾಗಿ ಸಿಗುವುದಿಲ್ಲ.

ಇನ್ನು ಆ ಹನ್ನೆರಡನೇ ತರಗತಿಯ ಪೆಟ್ಟಿಗೆ. ಅದಕ್ಕೆ ತಗಡು ಬೇಕಾಗಿಲ್ಲ, ಕತ್ತರಿಯೂ ಬೇಡ. 18 ಸೆಂ.ಮೀ.ನ ಐದು ಚೌಕ ಕಾಗದ ತೆಗೆದುಕೊಂಡು, ಅಂಚಿನಿಂದ 1, 2, 3, 4, 5 ಸೆಂ.ಮೀ. ದೂರದಲ್ಲಿ ಮಡಿಸಿ ಗೋಡೆ ಎತ್ತಬೇಕು. ಮೂಲೆಯ ಚೌಕವನ್ನು ಕರ್ಣದ ಗುಂಟ ಚಿವುಟಿ ಗೋಡೆಗೆ ಒತ್ತಿ ಕ್ಲಿಪ್ ಹಾಕಿದರೆ ಕತ್ತರಿಸಿದಾಗ ಬರುವ ಅಳತೆಯೇ ಬರುತ್ತದೆ. ಐದಕ್ಕೂ ಸಮತಟ್ಟಾಗಿ ಹೆಸರುಕಾಳು ತುಂಬಿ, ಅಡುಗೆಮನೆಯ ತಕ್ಕಡಿಯಲ್ಲಿ ತೂಗಬೇಕು. ಘನಫಲಗಳು ಕ್ರಮವಾಗಿ 256, 392, 432, 400, 320 ಘನ ಸೆಂ.ಮೀ. ಎತ್ತರ ಹೆಚ್ಚಿದಂತೆ ಮೊದಲು ಕಾಳು ಹೆಚ್ಚು ಹಿಡಿಸಿ, ಮೂರರಲ್ಲಿ ತುದಿ ಮುಟ್ಟಿ, ಆಮೇಲೆ ಇಳಿಯುವುದನ್ನು ಆರನೇ ತರಗತಿಯ ಮಗುವೂ ಕಾಣುತ್ತದೆ. ಆ ಮಗು ಮುಂದೆ ಕ್ಯಾಲ್ಕುಲಸ್ ಕಲಿಯುವಾಗ ಏರಿ ಇಳಿಯುವ ಗೆರೆಯ ತುದಿ ಎಂದರೇನು ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಇದೇ 18 ಸೆಂ.ಮೀ. ಕಾಗದದ ಮಸು ಹಿಡಿಸುವುದು 129 ಘನ ಸೆಂ.ಮೀ. ಮಾತ್ರ. ಉಳಿದದ್ದು ಎಲ್ಲಿ ಹೋಯಿತು? ಗಟ್ಟಿತನಕ್ಕೆ ಹೋಯಿತು, ಒಳಗೆ ಅಡಗಿದ ಪದರಗಳಿಗೆ ಹೋಯಿತು. ಹೆಚ್ಚು ಹಿಡಿಸಬೇಕೋ, ಗೋಂದಿಲ್ಲದೆ ಗಟ್ಟಿಯಾಗಿ ನಿಲ್ಲಬೇಕೋ ಎಂಬ ಆಯ್ಕೆ ಎಂಜಿನಿಯರಿಂಗಿನ ಮೊದಲ ಪಾಠ.

ಕಳೆದುಹೋದ ಮೂರನೆಯ ಬಗೆ

ಕಾಗದ ಮಡಿಸುವುದು ಶಾಲೆಗೆ ಬಂದದ್ದೇ ಗಣಿತದ ಜೊತೆಗೆ. ಫ್ರೀಡ್ರಿಕ್ ಫ್ರೋಬೆಲ್ 1837ರಲ್ಲಿ ಜರ್ಮನಿಯ ಬಾಡ್ ಬ್ಲಾಂಕೆನ್‌ಬರ್ಗ್ ಊರಿನಲ್ಲಿ ಚಿಕ್ಕ ಮಕ್ಕಳ ಶಾಲೆ ಆರಂಭಿಸಿದರು. ಮೂರು ವರ್ಷದ ಮೇಲೆ ಅದಕ್ಕೆ ಕಿಂಡರ್‌ಗಾರ್ಟನ್ ಎಂದು ಹೆಸರಿಟ್ಟರು. ಅವರ ಪದ್ಧತಿಯಲ್ಲಿ ಕಾಗದದ ಮಡಿಕೆಗೆ ಮೂರು ಬಗೆಗಳಿದ್ದವು: ಬದುಕಿನಲ್ಲಿ ಕಾಣುವ ವಸ್ತುಗಳ ರೂಪ, ಸೌಂದರ್ಯದ ರೂಪ, ಜ್ಞಾನದ ರೂಪ. ದೋಣಿ ಮೊದಲನೆಯದು, ಹೂವಿನಂಥ ವಿನ್ಯಾಸ ಎರಡನೆಯದು, ಚೌಕವನ್ನು ತ್ರಿಕೋನವಾಗಿ ಒಡೆದು ನೋಡುವುದು ಮೂರನೆಯದು. ಈ ಪದ್ಧತಿ 1876ರಲ್ಲಿ ಟೋಕಿಯೊದ ಕಿಂಡರ್‌ಗಾರ್ಟನ್ನಿಗೆ ಹೋಗಿ, ಅಲ್ಲಿ ಮೊದಲೇ ಇದ್ದ ಮಡಿಕೆಯ ಪರಂಪರೆಯ ಜೊತೆ ಬೆರೆಯಿತು.

ಭಾರತದಲ್ಲಿ ಅದರ ಅತ್ಯುತ್ತಮ ಫಲ ಬಂದದ್ದು ಮದ್ರಾಸಿನಲ್ಲಿ. ಕಂದಾಯ ಇಲಾಖೆಯಲ್ಲಿದ್ದ ಟಿ. ಸುಂದರ ರಾವ್ 1893ರಲ್ಲಿ ಕಾಗದ ಮಡಿಸಿ ರೇಖಾಗಣಿತ ಕಲಿಸುವ ಒಂದು ಇಂಗ್ಲಿಷ್ ಪುಸ್ತಕವನ್ನು ಅಲ್ಲಿ ಪ್ರಕಟಿಸಿದರು. ಆ ಆಲೋಚನೆ ಹೊಳೆದದ್ದು ಕಿಂಡರ್‌ಗಾರ್ಟನ್ನಿನ ಕಾಗದ ಮಡಿಸುವ ಸಾಮಗ್ರಿಯಿಂದಲೇ ಎಂದು ಅವರೇ ಮುನ್ನುಡಿಯಲ್ಲಿ ಹೇಳಿಕೊಂಡಿದ್ದಾರೆ. ಚೌಕದಿಂದ ಶುರುವಾಗಿ ಪಂಚಭುಜ, ಷಡ್ಭುಜ, ಶ್ರೇಢಿ, ಶಂಕುಜಗಳವರೆಗೆ ಹೋಗುವ ಪುಸ್ತಕ ಅದು. ಜರ್ಮನಿಯ ದೊಡ್ಡ ಗಣಿತಜ್ಞ ಫೆಲಿಕ್ಸ್ ಕ್ಲೈನ್ ಅದನ್ನು ಉಲ್ಲೇಖಿಸಿದರು. ಆ ಉಲ್ಲೇಖ ನೋಡಿದ ಇಬ್ಬರು ಅಮೆರಿಕನ್ ಪ್ರಾಧ್ಯಾಪಕರು 1901ರಲ್ಲಿ ಷಿಕಾಗೊದಿಂದ ಅದನ್ನು ಮತ್ತೆ ಪ್ರಕಟಿಸಿದರು. ಹೊರದೇಶದಲ್ಲಿ ಅದು ಇಂದಿಗೂ ಮುದ್ರಣ ಕಾಣುತ್ತಿದೆ. ಅದು ಹುಟ್ಟಿದ ಊರಿನ ಶಾಲೆಗಳಲ್ಲಿ ಅದರ ಹೆಸರು ಬಲ್ಲ ಗಣಿತದ ಟೀಚರ್ ಸಿಕ್ಕರೆ ಅದೃಷ್ಟ. ಫ್ರೋಬೆಲರ ಮೂರು ಬಗೆಗಳಲ್ಲಿ ಶಾಲೆಗಳು ದೋಣಿಯನ್ನೂ ಹೂವನ್ನೂ ಇಟ್ಟುಕೊಂಡು, ಜ್ಞಾನದ ಬಗೆಯನ್ನು ಕೈಬಿಟ್ಟಿವೆ.

ಪೂರ್ತಿ ಕೈಬಿಟ್ಟಿವೆ ಎಂದರೆ ಅನ್ಯಾಯವಾದೀತು. ಪ್ರಾಥಮಿಕ ತರಗತಿಗಳ ಪುಸ್ತಕಗಳಲ್ಲಿ ಕಾಗದ ಮಡಿಸುವ ಚಟುವಟಿಕೆಗಳಿವೆ. ಪುಣೆಯಲ್ಲಿ ಅಯುಕಾದ ಮಕ್ಕಳ ವಿಜ್ಞಾನ ಕೇಂದ್ರದಲ್ಲಿದ್ದುಕೊಂಡು ಅರವಿಂದ ಗುಪ್ತಾ ಅವರು ರದ್ದಿ ಕಾಗದದಿಂದಲೇ ಎಷ್ಟೆಲ್ಲ ಕಲಿಸಬಹುದೆಂದು ವರ್ಷಗಟ್ಟಲೆ ತೋರಿಸಿದರು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಕಲೆ ಮತ್ತು ವಿಜ್ಞಾನದ ನಡುವೆ ಗಟ್ಟಿ ಗೋಡೆ ಬೇಡವೆನ್ನುತ್ತದೆ. ಆದರೆ ಪರೀಕ್ಷೆಯಲ್ಲಿ ಕೇಳದ್ದನ್ನು ತರಗತಿಯಲ್ಲಿ ಮಾಡಿಸುವುದಿಲ್ಲ. ಪುಸ್ತಕದಲ್ಲಿ ‘ಮಾಡಿ ನೋಡಿ’ ಎಂದಿದ್ದ ಕಡೆ ಹೆಚ್ಚಿನ ತರಗತಿಗಳು ಓದಿ ಮುಂದೆ ಹೋಗುತ್ತವೆ.

ಎದುರು ವಾದಗಳು

ಇದಕ್ಕೆ ಬರುವ ಮೊದಲ ಆಕ್ಷೇಪ ಹಗುರವಾದದ್ದಲ್ಲ. ಮಗು ಖುಷಿಯಿಂದ ಮಾಡುವ ಒಂದೇ ಒಂದು ಕೆಲಸಕ್ಕೂ ಗಣಿತ ತುರುಕಬೇಕೇ? ಚೆಂದಕ್ಕಾಗಿ ಚೆಂದ ಇರಬಾರದೇ? ಇರಬೇಕು. ಆದರೆ ಪೆಟ್ಟಿಗೆಯ ಚೆಂದ ಚಮಕಿಯಲ್ಲಿಲ್ಲ. ಜಪಾನಿನ ತೊಮೊಕೊ ಫುಸೆ ಅವರ ಪೆಟ್ಟಿಗೆಗಳನ್ನು ನೋಡಿದರೆ ಇದು ತಿಳಿಯುತ್ತದೆ. ಒಂದೇ ರೀತಿ ಮಡಿಸಿದ ಹಲವು ತುಂಡುಗಳನ್ನು ಒಂದರ ಜೇಬಿಗೆ ಇನ್ನೊಂದರ ನಾಲಗೆ ಸಿಕ್ಕಿಸಿ ಜೋಡಿಸಿದ ಆರುಮೂಲೆ, ಎಂಟುಮೂಲೆಯ ಪೆಟ್ಟಿಗೆಗಳು ಅವು. ಮುಚ್ಚಳದ ಮೇಲೆ ಸುರುಳಿಯಾಗಿ ತಿರುಗುವ ವಿನ್ಯಾಸ ಅಂಟಿಸಿದ್ದಲ್ಲ, ಕೋನಗಳ ಲೆಕ್ಕ ಸರಿಹೋದಾಗ ತಾನಾಗಿ ಅರಳಿದ್ದು. ಅಲ್ಲಿ ಲೆಕ್ಕವನ್ನು ತೆಗೆದರೆ ಚೆಂದವೂ ಹೋಗುತ್ತದೆ. ರಂಗೋಲಿಯ ಚುಕ್ಕಿ ಎಣಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎರಡನೆಯದು ಟೀಚರುಗಳ ಆಕ್ಷೇಪ. ಐವತ್ತು ಮಕ್ಕಳು, ನಲವತ್ತು ನಿಮಿಷ, ಮುಗಿಯದ ಪೋರ್ಷನ್. ಇದು ನಿಜ. ಮಡಿಸಿದ ಮಾತ್ರಕ್ಕೆ ಗಣಿತ ಬರುವುದಿಲ್ಲ ಎಂಬುದೂ ನಿಜ. ಸಾವಿರ ಕೊಕ್ಕರೆ ಮಡಿಸಿದವರಿಗೂ ಚೌಕದ ಕರ್ಣ ಗೊತ್ತಿಲ್ಲದಿರಬಹುದು. ಆದರೆ ಇಲ್ಲಿ ಕೇಳುತ್ತಿರುವುದು ಹೊಸ ಪೀರಿಯಡ್ಡನ್ನಲ್ಲ. ದೀಪಾವಳಿಗೆ ಹೇಗೂ ಮಾಡಿಸುವ ಪೆಟ್ಟಿಗೆಗೆ ಎರಡು ಸಂಗತಿ ಸೇರಿಸಿದರೆ ಸಾಕು: ಮಡಿಸುವ ಮೊದಲು ಒಂದು ಊಹೆ, ಮಡಿಸಿದ ಮೇಲೆ ಒಂದು ಅಳತೆ. ಕಾಗದದ ಬಾಹು ಎರಡರಷ್ಟಾದರೆ ಪೆಟ್ಟಿಗೆ ಎಷ್ಟು ಪಟ್ಟು ಹೆಚ್ಚು ಹಿಡಿಸೀತು? ಎರಡು ಪಟ್ಟು ಎಂದು ಹೆಚ್ಚಿನವರು ಹೇಳುತ್ತಾರೆ, ಕೆಲವರು ನಾಲ್ಕೆನ್ನುತ್ತಾರೆ. ಚಿಕ್ಕ ಪೆಟ್ಟಿಗೆಯಿಂದ ಅಕ್ಕಿ ಸುರಿದು ಎಣಿಸಿದಾಗ ಎಂಟು. ಆ ಎಂಟನೆಯ ಸಲ ಸುರಿಯುವಾಗಿನ ಆಶ್ಚರ್ಯವನ್ನು ಯಾವ ಸೂತ್ರವೂ ಕೊಡಲಾರದು.

ಮೂರನೆಯದು, ಇದೆಲ್ಲ ಸಣ್ಣ ಮಕ್ಕಳಿಗೆ ಸರಿ, ದೊಡ್ಡವರಿಗಲ್ಲ ಎಂಬುದು. ಹಾಗಾದರೆ ಆ ಪ್ರಶ್ನೆಯನ್ನೇ ತಿರುಗಿಸಿ ನೋಡಬಹುದು: ಸರಿಯಾಗಿ ಎರಡು ಪಟ್ಟು ಹಿಡಿಸುವ ಪೆಟ್ಟಿಗೆಗೆ ಎಷ್ಟು ದೊಡ್ಡ ಕಾಗದ ಬೇಕು? ಬಾಹುವನ್ನು ಎರಡರ ಘನಮೂಲದಿಂದ, ಅಂದರೆ ಸುಮಾರು 1.26ರಿಂದ ಗುಣಿಸಬೇಕು, 15 ಸೆಂ.ಮೀ. ಇದ್ದದ್ದು ಸುಮಾರು 18.9 ಆಗಬೇಕು. ಈ ಉದ್ದವನ್ನು ಅಳತೆಪಟ್ಟಿಯ ಅಂಕಿ ನೋಡದೆ, ಕೈವಾರ ಮತ್ತು ನೇರಪಟ್ಟಿಯಿಂದ ಕರಾರುವಾಕ್ಕಾಗಿ ಎಳೆಯುವುದು ಹೇಗೆಂದು ಪ್ರಾಚೀನ ಗ್ರೀಕರು ತಲೆಕೆಡಿಸಿಕೊಂಡಿದ್ದರು. ಅದು ಅಸಾಧ್ಯವೆಂದು ಪಿಯೆರ್ ವಾಂಟ್ಸೆಲ್ ಸಾಧಿಸಿ ತೋರಿಸಿದ್ದು ಫ್ರೋಬೆಲ್ ಶಾಲೆ ತೆರೆದ 1837ರಲ್ಲೇ. ಕೈವಾರಕ್ಕೆ ಆಗದ ಅದು ಕಾಗದದ ಮಡಿಕೆಗೆ ಆಗುತ್ತದೆಂದು ಇಟಲಿಯ ಮಾರ್ಗರೀಟಾ ಬೆಲೋಕ್ 1936ರಲ್ಲಿ ತೋರಿಸಿದರು. ಎರಡು ಬಿಂದುಗಳನ್ನು ಒಟ್ಟಿಗೆ ಎರಡು ಗೆರೆಗಳ ಮೇಲೆ ಕೂರಿಸುವ ಒಂದೇ ಮಡಿಕೆಯಲ್ಲಿ ಆ ಗುಟ್ಟಿದೆ. ಮಕ್ಕಳಾಟವೆಂದು ಬದಿಗಿಟ್ಟ ಕಾಗದ ಯೂಕ್ಲಿಡ್ಡನ ಸಲಕರಣೆಗಳನ್ನು ಮೀರಿಸಿದ ಕತೆ ಇದು. ಹತ್ತನೇ ತರಗತಿಯಲ್ಲಿ ಇದನ್ನು ಹೇಳಿದರೆ ಕೇಳದ ಮಕ್ಕಳಿಲ್ಲ.

ಭಾನುವಾರದ ತರಗತಿ

ಶಾಲೆಗಳು ಬದಲಾಗುವುದನ್ನು ಕಾಯುತ್ತ ಕೂರಬೇಕಾಗಿಲ್ಲ. ಪರೀಕ್ಷೆಯ ಹಂಗಿಲ್ಲದ ಒಂದು ತರಗತಿ ಹೊರನಾಡಿನ ಕನ್ನಡಿಗರ ಕೈಯಲ್ಲೇ ಇದೆ. ಮುಂಬಯಿ, ಪುಣೆ, ಹೈದರಾಬಾದ್, ದೆಹಲಿಯಲ್ಲಿ ಮಕ್ಕಳಿಗೆ ಕನ್ನಡ ಕಲಿಸುವ ಭಾನುವಾರದ ತರಗತಿಗಳಲ್ಲಿ ಅ ಆ ಇ ಈ ತಿದ್ದಿಸಿ, ಎರಡು ಹಾಡು ಹೇಳಿಸಿದ ಮೇಲೆ ಮುಂದೇನೆಂಬ ಪ್ರಶ್ನೆ ಬರುತ್ತದೆ. ಅಲ್ಲಿ ಒಂದು ಹಳೆಯ ಕ್ಯಾಲೆಂಡರ್ ಇಟ್ಟುಕೊಂಡು ಪೆಟ್ಟಿಗೆ ಮಡಿಸಬಹುದು. ಮೂಲೆ, ಅಂಚು, ನಡು, ಗೆರೆ, ಮಡಿಕೆ, ಮಗ್ಗಲು, ಪದರ, ಕಾಲು, ಅರೆ, ಮುಕ್ಕಾಲು: ಮನೆಯಲ್ಲಿ ಹಿಂದಿ-ಇಂಗ್ಲಿಷ್ ಬೆರೆಸಿ ಮಾತಾಡುವ ಮಕ್ಕಳ ಬಾಯಿಂದ ಜಾರಿಹೋಗುತ್ತಿರುವ ಪದಗಳೇ ಇವೆಲ್ಲ. ‘ಈ ಮೂಲೆಯನ್ನು ನಡುವಿಗೆ ತಾ’ ಎಂದಾಗ ಪದವನ್ನು ಅನುವಾದಿಸಬೇಕಾಗಿಲ್ಲ, ಕೈ ಅರ್ಥಮಾಡಿಕೊಳ್ಳುತ್ತದೆ. ಅಜ್ಜಿಯರಿಗೆ ಗೊತ್ತಿರುವ ಪಾವು-ಸೇರಿನ ಲೆಕ್ಕಕ್ಕೂ, ದೊನ್ನೆ ಕಟ್ಟುವ ಕೈಗೂ ಅಲ್ಲಿ ಕೆಲಸ ಸಿಗುತ್ತದೆ.

ಖರ್ಚು ಒಂದು ಕ್ಯಾಲೆಂಡರ್ ಮತ್ತು ಒಂದು ಹಿಡಿ ಹೆಸರುಕಾಳು. ಪೆಟ್ಟಿಗೆಗೆ ಚಮಕಿ ಹಚ್ಚುವುದಿದ್ದರೆ ಹಚ್ಚಲಿ. ಅದಕ್ಕೆ ಮೊದಲು ಅದು ಎಷ್ಟು ಹಿಡಿಸುತ್ತದೆಂದು ಮಗು ಒಮ್ಮೆ ಊಹಿಸಿ, ತುಂಬಿ, ಅಳೆದು ನೋಡಿರಲಿ. ಹನ್ನೆರಡನೇ ತರಗತಿಯಲ್ಲಿ ಆ ತಗಡಿನ ಪೆಟ್ಟಿಗೆ ಎದುರಾದಾಗ, ಇದನ್ನು ಎಲ್ಲೋ ನೋಡಿದ ಹಾಗಿದೆಯಲ್ಲ ಎಂದು ಅದಕ್ಕೆ ಅನಿಸಿದರೆ ಸಾಕು.